ಹತ್ತು ಬೆರಳಿನ ಅಭಿಪ್ರಾಯ

ಹಿರೇವಡ್ಡಟ್ಟಿಯ ಹುಚ್ಚೀರಪ್ಪ ಪುಸ್ತಕದ ಪೆಟ್ಟಿಗೆಯ ಕೀಲಿಕೈಯನ್ನು ಉಡದಾರಕ್ಕೆ ಕಟ್ಟಿಕೊಂಡು ತಿರುಗಲು ಶುರು ಮಾಡಿ ಮೂರು ತಿಂಗಳಾಗಿತ್ತು. ಜಳಕ ಮಾಡುವಾಗಲೂ ಅದನ್ನು ಬಿಚ್ಚುತ್ತಿರಲಿಲ್ಲ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು, ಐವತ್ತರ ಹತ್ತಿರ ಬಂದವನು, ಮಾತಿಗಿಂತ ಮುಂಚೆ ಸಿಟ್ಟು ಬರುವವನು. ಅವನು ಬಾಯಿ ತೆರೆದರೆ ಊರವರು ಎದ್ದು ಹೋಗುವುದೇ ವಾಡಿಕೆಯಾಗಿತ್ತು. ಪೆಟ್ಟಿಗೆ ಬಂದ ಮೇಲೆ ಅದು ತಿರುಗುಮುರುಗಾಯಿತು. ಹೊತ್ತು ಇಳಿಯುವಾಗ ಚಾವಡಿಯ ಕಟ್ಟೆಯ ಮೇಲೆ ಕೂತು ಅವನು ಗಟ್ಟಿಯಾಗಿ ಓದುತ್ತಿದ್ದ. ಮೂವತ್ತು ನಲವತ್ತು ಜನ ಬಾಯಿ ಮುಚ್ಚಿಕೊಂಡು ಕೇಳುತ್ತಿದ್ದರು. ಐವತ್ತು ವರ್ಷದಲ್ಲಿ ಸಿಗದ ಮರ್ಯಾದೆ ಮೂರು ತಿಂಗಳಲ್ಲಿ ಸಿಕ್ಕಿತ್ತು.

ಪೆಟ್ಟಿಗೆ ಮುಂಬಯಿ ಸರಕಾರದ್ದು. ಒಳಗೆ ಮೂವತ್ತು ಪುಸ್ತಕ. ಕಾದಂಬರಿ, ಕವಿತೆ, ಪ್ರವಾಸ, ಮಹಾಪುರುಷರ ಜೀವನ, ಆಡು ಸಾಕುವುದು, ಅಡಿಗೆ ಮಾಡುವುದು, ಊರು ಚೊಕ್ಕಟ ಇಡುವುದು, ಎಲ್ಲವೂ ಒಂದರ ಮೇಲೊಂದು. ಮೊದಲ ಮೂರು ತಿಂಗಳು ಅದು ಹೊಳೆದಂಡೆಯ ಹಮ್ಮಿಗಿಯಲ್ಲಿತ್ತು, ಆಮೇಲೆ ಇಲ್ಲಿಗೆ ಬಂದಿತ್ತು. ಎರಡೂ ಊರಿಗೆ ಒಂದೊಂದು ಕೆಂಪು ರಟ್ಟಿನ ವಹಿ ಕೊಟ್ಟಿದ್ದರು. ಪುಸ್ತಕ ಓದಿದವರು, ಓದಿಸಿಕೊಂಡವರು ಅದರಲ್ಲಿ ತಮ್ಮ ಅಭಿಪ್ರಾಯ ಬರೆಸಿ ಸಹಿ ಇಲ್ಲವೆ ಹೆಬ್ಬೆಟ್ಟು ಹಾಕಬೇಕು. ನವಂಬರ್ ಒಂದಕ್ಕೆ ಕನ್ನಡ ನಾಡು ಒಂದಾಗಿ ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರುವುದಿತ್ತು. ಅಷ್ಟರೊಳಗೆ ಮುಂಬಯಿಯವರು ತಮ್ಮ ಪೆಟ್ಟಿಗೆಗೆ ಒಂದು ನೆಲೆ ತೋರಿಸಬೇಕಾಗಿತ್ತು. ಧಾರವಾಡದಿಂದ ಒಬ್ಬ ಸಾಹೇಬರು ಬಂದು ಎರಡೂ ವಹಿ ನೋಡುತ್ತಾರೆ, ಯಾವ ಊರು ಚೆನ್ನಾಗಿ ಓದಿದೆಯೋ ಆ ಊರಿಗೆ ಪೆಟ್ಟಿಗೆ ಕಾಯಂ, ಎಂದು ಹುಕುಂ ಆಗಿತ್ತು.

ಹಮ್ಮಿಗಿಯಲ್ಲಿ ಪೆಟ್ಟಿಗೆ ನೋಡಿಕೊಂಡವನು ಯಮನೂರಪ್ಪ. ಅವನು ಹುಚ್ಚೀರಪ್ಪನ ಬೀಗ. ಹುಚ್ಚೀರಪ್ಪನ ಮಗಳು ಅವನ ಮನೆಯ ಸೊಸೆ. ಹೆಣ್ಣು ಕೊಟ್ಟವನು ತಗ್ಗಿ ನಡೆಯಬೇಕು ಎಂದು ಯಮನೂರಪ್ಪ ಬಾಯಿಬಿಟ್ಟು ಎಂದೂ ಹೇಳಿದವನಲ್ಲ. ಎಲೆಯಡಿಕೆಯ ತಟ್ಟೆಯನ್ನು ಎರಡು ಬೆರಳಿನಿಂದ ಸರಿಸುವುದರಲ್ಲೇ ಅದನ್ನು ಹೇಳಿ ಮುಗಿಸುತ್ತಿದ್ದ. ಪೆಟ್ಟಿಗೆ ಅಲ್ಲಿಗೆ ಹೋದರೆ ಒಂದು ಪುಸ್ತಕಕ್ಕಾಗಿ ಬೀಗನ ಬಾಗಿಲಲ್ಲಿ ಹೋಗಿ ನಿಲ್ಲಬೇಕು, ಅದನ್ನೂ ಅವನು ಎರಡು ಬೆರಳಿನಿಂದಲೇ ಸರಿಸುತ್ತಾನೆ. ಇದನ್ನು ನೆನೆಸಿಕೊಂಡರೆ ಸಾಕು, ಹುಚ್ಚೀರಪ್ಪನಿಗೆ ಉಂಡ ರೊಟ್ಟಿ ಎದೆಗೆ ನಿಲ್ಲುತ್ತಿತ್ತು.

ಪೆಟ್ಟಿಗೆ ತೆರೆದ ಮೊದಲ ದಿನವೇ ಒಂದು ಭಾನಗಡಿ ಆಗಿತ್ತು. ಇಪ್ಪತ್ತಾರು ಪುಸ್ತಕಗಳ ಹಾಳೆಗಳು ಅಂಚಿನಲ್ಲಿ ಒಂದಕ್ಕೊಂದು ಕೂಡಿಕೊಂಡೇ ಇದ್ದವು. ಛಾಪಖಾನೆಯವರು ದೊಡ್ಡ ಹಾಳೆಯನ್ನು ಮಡಚಿ ಹೊಲಿದಿದ್ದರು, ಅಂಚು ಕತ್ತರಿಸಿರಲಿಲ್ಲ. ಎರಡು ಪುಟ ಓದಿದರೆ ಮುಂದಿನ ಎರಡು ಪುಟ ಚೀಲದೊಳಗಿನ ಬೆಕ್ಕಿನ ಹಾಗೆ ಒಳಗೇ ಉಳಿಯುತ್ತಿದ್ದವು. ಹುಚ್ಚೀರಪ್ಪ ಸಿಟ್ಟಿನಿಂದ ಪುಸ್ತಕಗಳನ್ನೆಲ್ಲ ಮನೆಗೆ ಹೊತ್ತು ತಂದು ಹೆಂಡತಿಯ ಈಳಿಗೆಯ ಮುಂದೆ ಕೂತ.

ಹೆಂಡತಿ ಅನ್ನಪೂರ್ಣವ್ವ ಒಲೆಯ ಮುಂದಿನಿಂದ ನೋಡಿ, "ಬದನಿಕಾಯಿ ಹೆಚ್ಚೋ ಈಳಿಗಿ ಮ್ಯಾಲ ಸರಕಾರದ ಪುಸ್ತಕ ಹೆಚ್ಚಾಕತ್ತೀರಲ್ರಿ," ಅಂದಳು.

"ಮುಂಬಯಿ ಮಂದಿ ಎಲ್ಲಾ ಅರ್ಧಾ ಮಾಡಿ ಕಳಸ್ತಾರ. ಉಳಿದರ್ಧಾ ನಾವು ಮಾಡ್ಕೋಬೇಕು. ನೀ ಸುಮ್ನಿರು."

"ನಾ ಸುಮ್ನನ ಅದೀನಿ. ಬದನಿಕಾಯಿ ರಸಾ ಹತ್ತೇತಿ ನೋಡ್ರಿ ಹಾಳಿಗೆ."

ಹತ್ತಿತ್ತು. ಅಂಚುಗಳೂ ನೆಟ್ಟಗೆ ಬಂದಿರಲಿಲ್ಲ, ಇಲಿ ಕಡಿದ ಹಾಗಿದ್ದವು. ಸರಕಾರದ ಸಾಮಾನು ಕೆಡಿಸಿದ್ದಕ್ಕೆ ಒಂದು ದಿನ ಜವಾಬು ಕೊಡಬೇಕಾದೀತು ಎಂಬ ಅಳುಕು ಅವತ್ತೇ ಅವನಿಗೆ ಹತ್ತಿತು. ಪುಸ್ತಕಗಳನ್ನು ಅಂಚು ಕಾಣದ ಹಾಗೆ ಒಳಮುಖ ಮಾಡಿ ಪೆಟ್ಟಿಗೆಯಲ್ಲಿ ಜೋಡಿಸಿಟ್ಟ.

ಇನ್ನು ಅಭಿಪ್ರಾಯದ ಮಾತು. ಹಿರೇವಡ್ಡಟ್ಟಿಯಲ್ಲಿ ಸರಕಾರದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವುದಕ್ಕೆ ಒಂದು ಕಟ್ಟಳೆ ಇತ್ತು. ಹಿಂದಿನ ವರ್ಷ ಬಂಡಿ ಹೊಡೆಯುವ ಮೂಕಪ್ಪ ಯಾವುದೋ ಪಂಚನಾಮೆಗೆ ಕೇಳದೆ ಹೆಬ್ಬೆಟ್ಟು ಒತ್ತಿ, ತಾನು ಕಾಣದ ಎಮ್ಮೆಯ ಕಳುವಿಗೆ ಸಾಕ್ಷಿಯಾಗಿ, ಗದಗಿನ ಕೋರ್ಟಿಗೆ ಮೂರು ಸಲ ಅಲೆದಿದ್ದ. ಅಂದಿನಿಂದ ಊರು ಒಂದು ಮಾತಿಗೆ ಬಂದಿತ್ತು. ಬರೆದದ್ದನ್ನು ನಾಲ್ಕು ಜನರ ಮುಂದೆ ಓದಿ ಹೇಳದೆ ಯಾರೂ ಬೆರಳು ಕೊಡಬಾರದು. ಸರಕಾರದ ಕಾಗದದ ಮೇಲೆ ಸುಳ್ಳು ಬರೆಸಬಾರದು. ಹೀಗಾಗಿ ಮೂವತ್ತು ಪುಸ್ತಕದ ಬಗ್ಗೆ ಊರವರು ಹೇಳಿದ್ದೆಲ್ಲ ಕೋರ್ಟಿನಲ್ಲಿ ಪ್ರಮಾಣ ಮಾಡಿ ಹೇಳಿದ ಹಾಗಿತ್ತು. ಯಾರೂ ಯಾರಿಗೂ ದಾಕ್ಷಿಣ್ಯ ತೋರಿಸಿರಲಿಲ್ಲ.

ಆಡು ಸಾಕುವ ಪುಸ್ತಕದ ಬಗ್ಗೆ ಕರಿಯವ್ವ ಬರೆಸಿದ್ದಳು. ಅವಳು ಹುಟ್ಟಿದಾಗಿನಿಂದ ಆಡಿನ ಹಿಂದೆಯೇ ಇದ್ದವಳು. "ಬರೆದವರು ಆಡನ್ನು ನೋಡಿದ್ದಾರೆ. ಆಡು ಅವರನ್ನು ನೋಡಿಲ್ಲ. ನೋಡಿದ್ದರೆ ನಾಲ್ಕನೆಯ ಪಾಠ ಬರೆಯಲು ಅವರು ಉಳಿಯುತ್ತಿರಲಿಲ್ಲ."

ದೊಡ್ಡ ಕಾದಂಬರಿಯೊಂದಕ್ಕೆ ಹನಮಂತವ್ವ ಹೇಳಿದ್ದು: "ಈ ಹುಡುಗಿ ನಲವತ್ತೊಂದು ಸಲ ಅತ್ತಳು. ಕಡಲೆಕಾಳು ಇಟ್ಟು ಎಣಿಸಿದ್ದೇನೆ. ಒಂದು ಸಲವೂ ಬೀಸುವ ಕಲ್ಲಿನ ಮುಂದೆ ಕೂಡಲಿಲ್ಲ. ಅತ್ತೆಯ ತಪ್ಪು ನನಗೆ ಕಾಣಿಸಲಿಲ್ಲ."

ಹಿಮಾಲಯದ ಪ್ರವಾಸಕ್ಕೆ ಮೂಕಪ್ಪ: "ಇಷ್ಟು ದೂರ ಹೋದವರು ಎತ್ತುಗಳಿಗೆ ಎಲ್ಲಿ ನೀರು ಕುಡಿಸಿದರೆಂದು ಬರೆದಿಲ್ಲ. ಹೋಗಿಲ್ಲವೆಂದು ನನ್ನ ಅನುಮಾನ." ಮಹಾಪುರುಷರೊಬ್ಬರ ಜೀವನಕ್ಕೂ ಅವನದೇ ಮಾತು: "ಚಿಕ್ಕಂದಿನಿಂದ ಒಂದೂ ತಪ್ಪು ಮಾಡಿಲ್ಲ. ಇಂಥವರು ನಮ್ಮೂರಲ್ಲಿ ಇದ್ದಿದ್ದರೆ ಬಂಡಿಯಲ್ಲಿ ಪಕ್ಕಕ್ಕೆ ಕೂಡಿಸಿಕೊಳ್ಳಲು ಅಂಜಿಕೆ ಬರುತ್ತಿತ್ತು."

ಅಡಿಗೆಯ ಪುಸ್ತಕಕ್ಕೆ ಮೋತಿಬಿ: "ಒಂದು ಪಲ್ಯಕ್ಕೆ ಹದಿನೇಳು ಸಾಮಾನು ಹೇಳಿದ್ದಾರೆ. ಹದಿನೇಳು ಸಾಮಾನು ಇದ್ದ ಮನೆಯಲ್ಲಿ ಪಲ್ಯ ತಾನೇ ರುಚಿಯಾಗುತ್ತದೆ, ಪುಸ್ತಕ ಯಾಕೆ?" ಅವಳ ಗಂಡ ನಬಿಸಾಬ ಸೈಕಲ್ಲಿನ ಮೇಲೆ ಬಟ್ಟೆ ಮಾರುವವನು, ಕವಿತೆಯ ಪುಸ್ತಕ ತನ್ನ ಪಾಲಿಗೆ ತೆಗೆದುಕೊಂಡಿದ್ದ: "ಮೂರು ಸಲ ಓದಿಸಿ ಕೇಳಿದೆ. ಅರ್ಥ ಆಗಲಿಲ್ಲ. ಆದರೆ ಹಮ್ಮಿಗಿಯ ಏರು ಹತ್ತುವಾಗ ತಾನಾಗಿ ನೆನಪಿಗೆ ಬರುತ್ತದೆ. ಇರಲಿ."

ಕೊಲೆಯ ಕಾದಂಬರಿಯೊಂದರ ಕೊನೆಯ ಹಾಳೆಗಳು ಮೊದಲೇ ಹರಿದು ಹೋಗಿದ್ದವು. ಕೊಂದವರು ಯಾರೆಂದು ತಿಳಿಯದೆ ಊರಿಗೆ ನಾಲ್ಕು ದಿನ ನಿದ್ದೆ ಹತ್ತಲಿಲ್ಲ. ಕೊನೆಗೆ ಚಾವಡಿಯಲ್ಲಿ ಕೂಡಿ ಕೈ ಎತ್ತಿಸಿದರು. "ವೈದ್ಯನೇ ಕೊಂದನೆಂದು ಹತ್ತೊಂಬತ್ತು ಜನ, ತಮ್ಮನೆಂದು ಹನ್ನೊಂದು ಜನ. ವೈದ್ಯನ ಮೇಲೆ ಕಾಯಂ ಆಯಿತು," ಎಂದು ವಹಿಯಲ್ಲಿ ನಮೂದಾಗಿತ್ತು.

ಇದೆಲ್ಲವನ್ನೂ ಬರೆದವನು ಹುಚ್ಚೀರಪ್ಪ. ಬರೆಯುವಾಗ ಅವನಿಗೂ ಖುಷಿಯಾಗಿತ್ತು. ಸಾಹೇಬರು ಬರಲು ಮೂರು ದಿನ ಉಳಿದಾಗ ನಬಿಸಾಬ ಹಮ್ಮಿಗಿಯಿಂದ ಖಬರ ತಂದ.

"ಹುಚ್ಚೀರಪ್ಪಣ್ಣ, ನಿಮ್ಮ ಬೀಗರ ವಹಿ ನೋಡಿ, ಓದಿಸಿ ಕೇಳಿ ಬಂದೆ. ಏನ್ ಅಕ್ಷರ ಅಂತೀನಿ. ಮುತ್ತು ಪೋಣಿಸಿದಂಗ ಅದಾವ."

"ಅಕ್ಷರ ಹಾಳಾಗಿ ಹೋಗ್ಲಿ. ಏನ್ ಬರದಾರ ಹೇಳು."

"ಮೂವತ್ತಕ್ಕೂ ಒಂದಽ ಮಾತು. 'ಅತ್ಯುತ್ತಮ ಪುಸ್ತಕ. ಎಲ್ಲರೂ ಓದಬೇಕು.' ಬ್ಯಾರೆ ಬ್ಯಾರೆ ಹೆಸರು, ಬ್ಯಾರೆ ಬ್ಯಾರೆ ಹೆಬ್ಬೆಟ್ಟು. ನಿಮ್ಮ ವಹಿನ್ಯಾಗ ಬೈಗಳ ಬಿಟ್ಟು ಏನೈತಿ? ಸರಕಾರ ಕೊಟ್ಟ ಪುಸ್ತಕ ಬೈದರ ಸಾಹೇಬ್ರು ಪೆಟ್ಟಿಗಿ ಇಲ್ಲಿ ಬಿಡ್ತಾರೇನು?"

ಹುಚ್ಚೀರಪ್ಪ ಅವನನ್ನು ಬೈದು ಕಳಿಸಿದ. ಆಮೇಲೆ ಮನೆಗೆ ಬಂದು ವಹಿ ತೆರೆದು ನೋಡಿದ. ಆಡು ಅವರನ್ನು ನೋಡಿಲ್ಲ. ಹೋಗಿಲ್ಲವೆಂದು ಅನುಮಾನ. ಪುಸ್ತಕ ಯಾಕೆ. ಮೊನ್ನೆಯವರೆಗೆ ನಗು ತರಿಸಿದ ಮಾತುಗಳು ಈಗ ಒಂದೊಂದೂ ಪೆಟ್ಟಿಗೆಯನ್ನು ಹಮ್ಮಿಗಿಯ ಕಡೆಗೆ ನೂಕುವ ಹಾಗೆ ಕಂಡವು. ಎಲೆಯಡಿಕೆಯ ತಟ್ಟೆ, ಎರಡು ಬೆರಳು ಕಣ್ಣ ಮುಂದೆ ಬಂದವು. ಅವನು ನಬಿಸಾಬನನ್ನು ಮತ್ತೆ ಕರೆಸಿ, ಮುಂಡರಗಿಯಿಂದ ಅಂಥದೇ ಕೆಂಪು ರಟ್ಟಿನ ಇನ್ನೊಂದು ವಹಿ ತರಲು ಹೇಳಿದ.

ಹೊಸ ವಹಿಯಲ್ಲಿ ಮೂವತ್ತು ಪುಸ್ತಕಕ್ಕೂ ಬರೆದ: "ಅತ್ಯುತ್ತಮ ಪುಸ್ತಕ. ಎಲ್ಲರೂ ತಪ್ಪದೆ ಓದಬೇಕು." 'ತಪ್ಪದೆ' ಎಂಬುದನ್ನು ಬೀಗನಿಗಿಂತ ಒಂದು ಕೈ ಮೇಲಿರಲಿ ಎಂದು ಸೇರಿಸಿದ. ಹೆಸರುಗಳನ್ನು ಹಳೆಯ ವಹಿಯಿಂದಲೇ ಎತ್ತಿದ. ಉಳಿದದ್ದು ಹೆಬ್ಬೆಟ್ಟು.

ಮೊದಲು ಕರಿಯವ್ವನ ಕೊಟ್ಟಿಗೆಗೆ ಹೋದ. ತಲಾಟಿಯ ಕಡೆಯಿಂದ ಇಸಿದುಕೊಂಡ ಮಸಿಯ ಡಬ್ಬಿ ಮುಂದೆ ಹಿಡಿದು, "ಯಕ್ಕಾ, ಒಂದು ಹೆಬ್ಬೆಟ್ಟು ಒತ್ತು. ಹಳೇ ವಹಿ ನೀರಾಗ ತೊಯ್ದೈತಿ," ಅಂದ.

"ಓದಿ ಹೇಳು."

"ಅದಽ ಐತಿ. ಆಡಿನ ಪುಸ್ತಕದ್ದು."

"ಅದಽ ಇದ್ರ ಓದಾಕ ಏನ್ ಧಾಡಿ? ನಾಲ್ಕು ಮಂದಿನ್ನ ಕರಿ, ಅವರ ಮುಂದ ಓದು. ನಮ್ಮೂರ ಕಟ್ಟಳಿ ನಿನಗ ಗೊತ್ತಿಲ್ಲೇನು ತಮ್ಮಾ?"

ಹುಚ್ಚೀರಪ್ಪ ಮಸಿಯ ಡಬ್ಬಿ ಮುಚ್ಚಿಕೊಂಡು ಬಂದುಬಿಟ್ಟ. ಮನೆಯ ಬಾಗಿಲು ಹಾಕಿಕೊಂಡು ಕೂತು, ಕರಿಯವ್ವನ ಹೆಸರಿನ ಮುಂದೆ ತನ್ನ ಬಲಗೈ ಹೆಬ್ಬೆರಳು ಒತ್ತಿದ. ಮೂಕಪ್ಪನ ಹೆಸರಿಗೆ ಎಡಗೈದು. ಮೋತಿಬಿಗೆ ಹೆಂಗಸೆಂದು ಕಿರುಬೆರಳು. ಹತ್ತು ಬೆರಳು ಮುಗಿದವು, ಇನ್ನೂ ಹೆಸರು ಉಳಿದವು. ಕಾಲಿನ ಎರಡೂ ಹೆಬ್ಬೆರಳುಗಳಿಗೂ ಕೆಲಸ ಕೊಟ್ಟ. ಹಳೆಯ ವಹಿಯನ್ನು ಜೋಳದ ಚೀಲದ ಕೆಳಗೆ ಸರಿಸಿಟ್ಟ.

ಮಸಿ ಗಟ್ಟಿ ಜಾತಿಯದು. ಸೀಗೆಪುಡಿ, ಬೂದಿ, ಹುಣಸೆಹಣ್ಣು, ಯಾವುದಕ್ಕೂ ಜಗ್ಗಲಿಲ್ಲ. ಅವನು ನೇರಳೆ ಬಣ್ಣದ ಬೆರಳುಗಳಿಂದ ರೊಟ್ಟಿ ಮುರಿಯುವುದನ್ನು ಅನ್ನಪೂರ್ಣವ್ವ ಎರಡು ದಿನ ನೋಡಿದಳು.

"ನೇರಳಿ ಹಣ್ಣಿನ ಕಾಲ ಮುಗದು ತಿಂಗಳ ಮ್ಯಾಲಾತು," ಅಂದಳು.

"ನಿನಗ ಏನೂ ತಿಳಿಯೂದಿಲ್ಲ."

"ಹೌದ್ರಿ. ನನಗ ತಿಳೀತೈತಿ ಅಂತ ಯಾರು ಕೇಳ್ಯಾರ? ಮೂವತ್ತು ಪುಸ್ತಕಾ ಕೇಳೀನಿ, ಒಂದಕ್ಕರ ನನ್ನ ಅಭಿಪ್ರಾಯ ಬರಕೊಂಡೀರೇನು?"

ಅವನು ಕೈ ತೊಳೆಯಲು ಎದ್ದ. ಅವಳು ಜೋಳದ ಚೀಲದ ಕಡೆ ಒಮ್ಮೆ ನೋಡಿ ರೊಟ್ಟಿ ಬಡಿಯತೊಡಗಿದಳು.

ಸೋಮವಾರ ಮೂಕಪ್ಪನ ಬಂಡಿಯಲ್ಲಿ ಸಾಹೇಬರು ಬಂದರು. ತೆಳ್ಳಗಿನ, ಕನ್ನಡಕದ ಮನುಷ್ಯ, ಹಾದಿಯ ಧೂಳಿನಿಂದ ಸೀನುತ್ತಿದ್ದರು. ಪಕ್ಕದಲ್ಲಿ ಯಮನೂರಪ್ಪ, ಜರಿ ರುಮಾಲು ಸುತ್ತಿಕೊಂಡು, ತೊಡೆಯ ಮೇಲೆ ರೇಷ್ಮೆ ಬಟ್ಟೆಯಲ್ಲಿ ಸುತ್ತಿದ ವಹಿ ಇಟ್ಟುಕೊಂಡು. ಚಾವಡಿಯಲ್ಲಿ ಊರು ಕೂಡಿತ್ತು. ಹುಚ್ಚೀರಪ್ಪ ಟವೆಲ್ಲಿನೊಳಗೆ ಕೈ ಮುಚ್ಚಿಕೊಂಡೇ ನಮಸ್ಕಾರ ಮಾಡಿದ.

"ಬೀಗರ, ಚಳಿ ಹತ್ತೇತೇನು?" ಯಮನೂರಪ್ಪ ಕೇಳಿದ.

"ನಿಮ್ಮನ್ನ ನೋಡಿದ ಕೂಡಲೆ ಹತ್ತಿತ್ರಿ."

ಸಾಹೇಬರು ಹಮ್ಮಿಗಿಯ ವಹಿ ತೆರೆದು ಮೊದಲ ಪುಟ ಓದಿದರು. ಎರಡನೆಯದನ್ನು ಓದಿದರು. ಆಮೇಲೆ ಬರೀ ಹಾಳೆ ತಿರುವಿದರು. ಹಿರೇವಡ್ಡಟ್ಟಿಯ ವಹಿ ತೆಗೆದುಕೊಂಡರು. "ಎಲ್ಲರೂ ತಪ್ಪದೆ ಓದಬೇಕು," ಎಂದು ಮೆಲ್ಲಗೆ ಓದಿ, ಎರಡು ವಹಿಗಳನ್ನೂ ಒಂದರ ಮೇಲೊಂದಿಟ್ಟು ಆಕಳಿಸಿದರು.

"ಎರಡೂ ಊರು ಒಂದಽ ನಮೂನಿ ಓದ್ಯಾವ. ಹಿಂಗಾದ್ರ ಯಾರಿಗಂತ ಕೊಡೋದು? ಪೆಟ್ಟಿಗಿ ಧಾರವಾಡಕ್ಕ ವಾಪಸ್ ಒಯ್ತೀನಿ. ಪುಸ್ತಕ ಎಣಿಸಿ ತುಂಬ್ರಿ."

ಬೀಗನಿಗೂ ಇಲ್ಲ, ತನಗೂ ಇಲ್ಲ. ನಾಳೆಯಿಂದ ಈ ಕಟ್ಟೆಯ ಮೇಲೆ ಅವನು ಬಾಯಿ ತೆರೆದರೆ ಊರು ಮತ್ತೆ ಎದ್ದು ಹೋಗುತ್ತದೆ. ಉಡದಾರದ ಕೀಲಿಕೈಯನ್ನು ಟವೆಲ್ಲಿನ ಒಳಗಿನಿಂದಲೇ ಬಿಚ್ಚಿ ಕೊಟ್ಟ.

ಸಾಹೇಬರು ಪೆಟ್ಟಿಗೆ ತೆರೆದು ಮೇಲಿನ ಪುಸ್ತಕ ಎತ್ತಿಕೊಂಡರು. ಅಂಚು ಇಲಿ ಕಡಿದ ಹಾಗಿತ್ತು, ಮೂಲೆಯಲ್ಲಿ ಬದನೆಯ ಕಲೆ. ಇನ್ನೊಂದನ್ನು ಎತ್ತಿದರು. ಅದೂ ಹಾಗೆಯೇ.

"ಇವನ್ನ ಹಿಂಗ ಕತ್ತರಿಸಿದವರು ಯಾರು?"

ಯಮನೂರಪ್ಪ ಇಂಥ ಗಳಿಗೆ ಬಿಡುವವನಲ್ಲ. ಮುಂದೆ ಬಂದು ಕೈ ಮುಗಿದ. "ಸಾಹೇಬ್ರ, ನಮ್ಮೂರಿಂದ ಕಳಿಸೋ ಮುಂದ ಹಿಂಗಿದ್ದಿಲ್ರಿ. ಅಂಚು ನೆಟ್ಟಗ ಗೆರಿ ಹೊಡದಂಗಿದ್ವು. ಹೊಸಾ ಮದಲಗಿತ್ತಿ ನೋಡ್ಕೊಂಡಂಗ ನೋಡ್ಕೊಂಡೀವಿ. ಒಂದು ಹಾಳಿ ಸೈತ ಬಿಚ್ಚಿಲ್ರಿ ನಾವು."

ಹುಚ್ಚೀರಪ್ಪನ ಸಿಟ್ಟು ಅಳುಕನ್ನು ನುಂಗಿತು. "ನಾನಽ ಕತ್ತರಿಸೀನ್ರಿ. ನನ್ನ ಹೇಣ್ತಿ ಈಳಿಗಿಲೆ. ಏನ್ ಶಿಕ್ಷಾ ಐತಿ ಕೊಡ್ರಿ. ಕೂಡಿಕೊಂಡಿದ್ದ ಹಾಳಿ ಕತ್ತರಿಸದ ಹ್ಯಾಂಗ ಓದಬೇಕು ಬೀಗರ? ಊದಿ ಓದಬೇಕೇನು?"

ಸಾಹೇಬರು ಪುಸ್ತಕ ಕೆಳಗಿಟ್ಟು ಹಮ್ಮಿಗಿಯ ವಹಿಯನ್ನು ಮತ್ತೆ ಕೈಗೆತ್ತಿಕೊಂಡರು. ಈ ಸಲ ಅವರಿಗೆ ಆಕಳಿಕೆ ಬರಲಿಲ್ಲ.

"ಯಮನೂರಪ್ಪನವರ, ಮೂವತ್ತು ಪುಸ್ತಕ ಓದೀವಂತ ಬರದೀರಿ."

"ಹೌದ್ರಿ."

"ಒಂದು ಹಾಳಿ ಬಿಚ್ಚಿಲ್ಲಂತೀರಿ."

ಯಮನೂರಪ್ಪ ರುಮಾಲು ಸರಿಮಾಡಿಕೊಂಡ. "ಮ್ಯಾಲ ಮ್ಯಾಲ ಓದೀವ್ರಿ," ಅಂದ.

ನಗು ಚಾವಡಿಯ ಒಂದು ಮೂಲೆಯಲ್ಲಿ ಎದ್ದು ಇನ್ನೊಂದು ಮೂಲೆಗೆ ಮುಟ್ಟಿತು. ಸಾಹೇಬರು ಮಾತ್ರ ನಗಲಿಲ್ಲ. ಹಿರೇವಡ್ಡಟ್ಟಿಯ ವಹಿಯ ಕಡೆ ತಿರುಗಿದರು. "ಇಲ್ಲಿ ಮಂದಿ ಖರೇನ ಓದ್ಯಾರ ಅನ್ನೋದು ಅಂಚು ನೋಡಿದ್ರ ತಿಳೀತೈತಿ. ಆದ್ರ ಅಭಿಪ್ರಾಯ ಯಾಕ ಹಿಂಗ? ಕರಿಯವ್ವ ಯಾರು? 'ಆಡಿನ ಪುಸ್ತಕ ಅತ್ಯುತ್ತಮ, ಎಲ್ಲರೂ ತಪ್ಪದೆ ಓದಬೇಕು' ಅಂದಾಕಿ?"

ಕರಿಯವ್ವ ಎದ್ದು ನಿಂತಳು. "ನಾ ಕರಿಯವ್ವ. ಆ ಮಾತು ನಂದಲ್ಲ. ಬೆರಳೂ ನಂದಲ್ಲ. ನನ್ನ ಹೆಬ್ಬೆಟ್ಟಿನ್ಯಾಗ ಹೋತ ಕಚ್ಚಿದ ಗುರುತು ಐತಿ, ನೋಡ್ರಿ. ಆ ಗುರುತು ಎಲ್ಲಿ ಅದರಾಗ?" ಆಮೇಲೆ ಹೊರಳಿ, "ಹುಚ್ಚೀರಪ್ಪ, ಟವೆಲ್ ತಗಿ," ಅಂದಳು.

ತೆಗೆಯದೆ ಉಪಾಯವಿರಲಿಲ್ಲ. ಹತ್ತು ನೇರಳೆ ಬೆರಳುಗಳು ಹೊರಬಿದ್ದವು. ಸಾಹೇಬರು ಬೆರಳನ್ನೂ ವಹಿಯನ್ನೂ ಒಂದಾದ ಮೇಲೊಂದು ನೋಡಿ, ಒಂದು ಪುಟದ ಮೇಲೆ ಕನ್ನಡಕ ಬಗ್ಗಿಸಿದರು.

"ಇದು ಯಾವ ಬೆರಳು? ಇಷ್ಟು ಅಗಲ ಐತಿ."

"ಅದು ಕಾಲಿಂದ್ರಿ," ಅಂದ ಹುಚ್ಚೀರಪ್ಪ.

ಅಷ್ಟರಲ್ಲಿ ಅನ್ನಪೂರ್ಣವ್ವ ಹೆಂಗಸರ ಗುಂಪಿನಿಂದ ಎದ್ದು ಬಂದು, ಸೆರಗಿನಡಿಯ ಕೆಂಪು ವಹಿಯನ್ನು ಕಟ್ಟೆಯ ಮೇಲಿಟ್ಟಳು. ಜೋಳದ ಹೊಟ್ಟು ಅದಕ್ಕೆ ಅಂಟಿತ್ತು. "ಊರಿನ ಮಾತು ಇದರಾಗ ಅದಾವ್ರಿ," ಅಂದು ತಿರುಗಿ ಹೋಗಿ ಕೂತಳು.

ಸಾಹೇಬರು ಓದಿದರು. ಆಡಿನ ಮಾತಿಗೆ ಮೂಗಿನಲ್ಲಿ ನಕ್ಕರು. ನಲವತ್ತೊಂದು ಕಡಲೆಕಾಳಿಗೆ ಕನ್ನಡಕ ತೆಗೆದು ಒರೆಸಿಕೊಂಡರು. ಎತ್ತಿನ ನೀರಿಗೆ ಬಂದಾಗ ಹೊಟ್ಟೆ ಹಿಡಿದುಕೊಂಡರು. ಕವಿತೆಯ ಬಗ್ಗೆ ನಬಿಸಾಬ ಹೇಳಿದ್ದನ್ನು ಎರಡು ಸಲ ಓದಿದರು. ಕೊಲೆಯ ಕಾದಂಬರಿಗೆ ಬಂದು ತಲೆ ಎತ್ತಿದರು.

"ಇದನ್ನ ನಾ ಓದೀನಿ. ಕೊಂದವ ವೈದ್ಯ ಅಲ್ಲ. ಖರೇ ಅಂದ್ರ—"

"ಬ್ಯಾಡ್ರಿ ಸಾಹೇಬ್ರ," ಕರಿಯವ್ವ ತಡೆದಳು. "ಬಹುಮತ ಆಗೇತಿ. ಈಗ ತಿರುವಿದ್ರ ಊರಾಗ ಜಗಳ ಹತ್ತೈತಿ."

ಸಾಹೇಬರು ಆ ಮಾತನ್ನು ನುಂಗಿಕೊಂಡು ವಹಿ ಮುಚ್ಚಿದರು. "ಪೆಟ್ಟಿಗಿ ಇಲ್ಲೇ ಇರ್ತೈತಿ," ಅಂದರು. "ಆದ್ರ ಒಂದು. ಸರಕಾರದ ಮುಂದ ಮಂದಿ ಹೆಸರಿಗೆ ತನ್ನ ಬೆರಳು ಒತ್ತಿದ್ದು ಸಣ್ಣ ತಪ್ಪಲ್ಲ. ಅದಕ್ಕ ಏನ್ ಮಾಡೋದು ನೀವಽ ಹೇಳ್ರಿ."

ಊರು ತಲೆ ತಲೆ ಕೂಡಿಸಿತು. ಹುಚ್ಚೀರಪ್ಪ ನೆಲ ನೋಡುತ್ತ ನಿಂತಿದ್ದ. ಪೆಟ್ಟಿಗೆ ಉಳಿದಿತ್ತು, ಕೀಲಿಕೈ ಸಾಹೇಬರ ಕೈಯಲ್ಲಿತ್ತು. ಅದು ಮತ್ತೆ ತನ್ನ ಉಡದಾರಕ್ಕೆ ಬರುತ್ತದೋ, ಬೇರೆಯವರ ಉಡದಾರಕ್ಕೆ ಹೋಗುತ್ತದೋ ಎಂಬುದೇ ಅವನಿಗೆ ಬೇಕಾಗಿತ್ತು.

ಕರಿಯವ್ವ ತೀರ್ಮಾನ ಹೇಳಿದಳು. "ಈ ಸುಳ್ಳು ವಹೀನೂ ಒಂದು ಪುಸ್ತಕನ. ಬರದವ ಹುಚ್ಚೀರಪ್ಪ. ಇದನ್ನ ಪೆಟ್ಟಿಗ್ಯಾಗ ಮೂವತ್ತೊಂದನೇದು ಅಂತ ಇಡ್ರಿ. ನಾವು ಎಲ್ಲಾರೂ ಅಭಿಪ್ರಾಯ ಹೇಳ್ತೀವಿ. ಅವನಽ ಬರಕೋಬೇಕು, ಒಂದು ಅಕ್ಷರ ಬಿಡದ. ಬರದರ ಕೀಲಿಕೈ ಅವಂಗಽ ಇರ್ಲಿ. ಗಟ್ಟಿ ಧ್ವನಿ ಊರಾಗ ಇನ್ನೊಬ್ಬರದಿಲ್ಲ."

ಹುಚ್ಚೀರಪ್ಪ ಕಟ್ಟೆಯ ಮೇಲೆ ಕೂತು, ಹಳೆಯ ವಹಿ ತೆರೆದು ಟಾಕಿನ ಲೇಖನಿ ಹಿಡಿದ. "ಬರೆದವನಿಗೆ ಒಂದೇ ವಾಕ್ಯ ಬರುತ್ತದೆ," ಎಂದಳು ಹನಮಂತವ್ವ. ಬರೆದ. "ಹೆಂಗಸರ ಬೆರಳೆಂದರೆ ಕಿರುಬೆರಳೆಂದು ತಿಳಿದವನು," ಎಂದಳು ಮೋತಿಬಿ. ಬರೆದ. "ಹಿಮಾಲಯದ ಪುಸ್ತಕಕ್ಕಿಂತ ಹೆಚ್ಚು ಸುಳ್ಳು, ಆದರೆ ಚಿಕ್ಕದು," ಎಂದ ಮೂಕಪ್ಪ. ಕಿವಿಯವರೆಗೆ ಕೆಂಪೇರಿದರೂ ಅದನ್ನೂ ಬರೆದ. ಬೀಗನ ಮುಂದೆ ಬರೆಯಬೇಕಾದದ್ದು ಎಲ್ಲಕ್ಕಿಂತ ಉರಿಯುತ್ತಿತ್ತು. ಆದರೆ ಬೀಗನೂ ನೆಲವನ್ನೇ ನೋಡುತ್ತಿದ್ದ. ಹೋಗುವ ಮುಂಚೆ ಅವನು ಮೆಲ್ಲಗೆ ಹತ್ತಿರ ಬಂದು, ಸೊಸೆ ಆ ಅಳುವ ಕಾದಂಬರಿ ಕೇಳಿದ್ದಾಳೆ, ಒಯ್ಯಬಹುದೇನು ಎಂದು ಕೇಳಿದ.

ಹುಚ್ಚೀರಪ್ಪ ಪುಸ್ತಕ ತೆಗೆದು ಎರಡು ಬೆರಳಿನಿಂದ ಅವನ ಕಡೆ ಸರಿಸಿದ. "ಒಯ್ರಿ ಬೀಗರ. ಅಂಚು ಕತ್ತರಿಸೇತಿ. ಒಳಗ ಓದಾಕ ಬರ್ತೈತಿ."

ಕೊನೆಗೆ ಸಾಹೇಬರು ಅನ್ನಪೂರ್ಣವ್ವನ ಕಡೆ ನೋಡಿದರು. "ನೀವೇನೂ ಹೇಳಲಿಲ್ಲ ತಾಯಿ."

"ನನ್ನನ್ನ ಯಾರೂ ಕೇಳಿದ್ದಿಲ್ರಿ," ಅಂದಳು ಅವಳು. ಗಂಡನ ನೇರಳೆ ಬೆರಳುಗಳನ್ನು ನೋಡುತ್ತ ನಿಧಾನವಾಗಿ ಹೇಳಿದಳು. "ಬರಕೋರಿ. ಅತ್ಯುತ್ತಮ ಪುಸ್ತಕ. ಎಲ್ಲರೂ ತಪ್ಪದೆ ಓದಬೇಕು."

ಅವನು ಬರೆದ. ಮಸಿಯ ಡಬ್ಬಿಯನ್ನು ಅವಳ ಮುಂದಿಟ್ಟ. ಅವಳು ಕೈ ಚಾಚಲಿಲ್ಲ.

"ಮೊದಲ ಓದಿ ಹೇಳ್ರಿ," ಅಂದಳು. "ನಾಲ್ಕು ಮಂದಿ ಮುಂದ."

ನಾಲ್ಕು ಅಲ್ಲ, ನಲವತ್ತು ಮಂದಿ ಕೂತಿದ್ದರು. ಒಬ್ಬರೂ ಎದ್ದು ಹೋಗಲಿಲ್ಲ. ಹುಚ್ಚೀರಪ್ಪ ಗಂಟಲು ಸರಿಮಾಡಿಕೊಂಡು, ಮೂವತ್ತೊಂದನೆಯ ಪುಸ್ತಕದ ಅಭಿಪ್ರಾಯಗಳನ್ನು ಮೊದಲಿನಿಂದ ಗಟ್ಟಿಯಾಗಿ ಓದತೊಡಗಿದ.